ಹದಿನೆಂಟು ನಿಮಿಷದ ಲ್ಯಾಪ್‌ಟಾಪು

ನಮ್ಮ ಮನೆಯವರಿಗೆ ನನಗಿಂತ ಮೊದಲೇ ಒಂದು ಸಂಬಂಧವಿತ್ತು. ಮುಚ್ಚಿಡುವಂಥದ್ದೇನೂ ಅಲ್ಲ, ಅರ್ಧ ಶಿಕಾರಿಪುರಕ್ಕೆ ಗೊತ್ತಿದ್ದ ವಿಷಯ. ಕಪ್ಪು ಬಣ್ಣ, ಅಗಲ ಮುಖ, ಎಡಗಡೆಯ ಕೀಲು ಸ್ವಲ್ಪ ಸಡಿಲ, ಸಿಟ್ಟು ಮೂಗಿನ ತುದಿಯಲ್ಲೇ. ಹದಿನೆಂಟು ನಿಮಿಷ ಜೊತೆಗೆ ಕೂತರೆ ಮೈಯೆಲ್ಲ ಕೆಂಡವಾಗಿ, ಹೇಳದೆ ಕೇಳದೆ ಮುಖ ಕಪ್ಪಗೆ ಮಾಡಿಕೊಂಡುಬಿಡುತ್ತಿತ್ತು. ಇವರು ಬೀಸಣಿಗೆ ಹಿಡಿದು ಅದನ್ನು ರಮಿಸುತ್ತಿದ್ದರು. ಮದುವೆಯಾಗಿ ಎರಡು ವರ್ಷವಾಯಿತು, ನನಗೆ ಒಂದು ಸಲವೂ ಹಾಗೆ ಗಾಳಿ ಹಾಕಿದವರಲ್ಲ. ಅದು ಇವರ ಲ್ಯಾಪ್‌ಟಾಪು, ಶಿವಮೊಗ್ಗದಿಂದ ಸೆಕೆಂಡ್ ಹ್ಯಾಂಡ್ ತಂದದ್ದು.

ಇವರ ಹೆಸರು ಗುರುಪ್ರಕಾಶ್. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಮದುವೆಮನೆಗಳಲ್ಲಿ ‘ವಿಡಿಯೋ ಗುರು’ ಎಂದರೆ ಸಾಕು. ಮದುವೆಯ ವಿಡಿಯೋ ತೆಗೆಯುವುದು, ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುವುದು, ಬರಲಾಗದ ನೆಂಟರಿಗೆ ಮುಹೂರ್ತವನ್ನು ಲೈವ್ ಕಳಿಸುವುದು ಇವರ ಕೆಲಸ. ಎಪಿಎಂಸಿ ರಸ್ತೆಯಲ್ಲಿ ಒಂದೇ ಕೋಣೆಯ ಸ್ಟುಡಿಯೋ. ಕ್ಯಾಮೆರಾ ಹಿಡಿಯಲು ಜೊತೆಗೆ ಲೋಕೇಶ ಎಂಬ ಗೆಳೆಯ. ಇನ್ನೂರಕ್ಕೂ ಹೆಚ್ಚು ಜೋಡಿಗಳಿಗೆ ತಾಳಿ ಬೀಳುವುದನ್ನು ಹತ್ತಿರದಿಂದ ಕಂಡ ಈ ಮನುಷ್ಯನಿಗೆ ಮೂವತ್ತನಾಲ್ಕಾದರೂ ಸ್ವಂತ ಮದುವೆ ಆಗಿರಲಿಲ್ಲ. ಅದಕ್ಕೆ ಬಿಡುವೇ ಸಿಗಲಿಲ್ಲ ಎನ್ನುತ್ತಾರೆ. ಕೇಳುವ ಧೈರ್ಯ ಇರಲಿಲ್ಲ ಎನ್ನುವುದು ಲೋಕೇಶನ ಮಾತು. ನಾನು ಲೋಕೇಶನ ಪಕ್ಷ.

ಇವರ ವಿಡಿಯೋಗಳಲ್ಲಿ ಒಂದು ಖಾಯಂ ದೋಷವಿತ್ತು. ಹೆಣ್ಣು ಒಪ್ಪಿಸುವ ಶಾಸ್ತ್ರ ಬಂದಾಗ ಚಿತ್ರ ಅಲುಗಾಡುತ್ತಿತ್ತು. ಹುಡುಗಿಯ ಅಮ್ಮ ಅತ್ತರೆ ಕ್ಯಾಮೆರಾದ ಹಿಂದೆ ಇವರೂ ಅಳುತ್ತಿದ್ದರು. ಜನ ಮಾತ್ರ ಅದನ್ನು ಹೊಸ ಶೈಲಿ ಎಂದುಕೊಂಡು ಮೆಚ್ಚಿಕೊಂಡಿದ್ದರು.

ಲ್ಯಾಪ್‌ಟಾಪಿಗೆ ಬಿಸಿಯ ರೋಗ ಮೊದಲೇ ಇತ್ತು. ಮೊದಮೊದಲು ಅರ್ಧ ಗಂಟೆ, ಮುಕ್ಕಾಲು ಗಂಟೆ ತಡೆಯುತ್ತಿತ್ತು. ಹೊಸದು ತರಬೇಕೆಂದರೆ ಇಡೀ ಸೀಸನ್ನಿನ ದುಡಿಮೆ ಅದಕ್ಕೇ ಸುರಿಯಬೇಕು. “ಇದೊಂದು ಸೀಸನ್ ಓಡಲಿ” ಎಂದು ಇವರು ಐದು ಸೀಸನ್ ಓಡಿಸಿದರು. ಓಡಿಸಿದ್ದು ಹೇಗೆ ಎಂಬುದೇ ಒಂದು ಪುರಾಣ.

ಮೊದಲು ಹಿಂಭಾಗಕ್ಕೆ ಎರಡು ಸ್ಟೀಲ್ ಲೋಟ ಮಗುಚಿಟ್ಟು ಎತ್ತರ ಮಾಡಿದರು. ಕೆಳಗೆ ಗಾಳಿ ಆಡಲಿ ಎಂದು. ಅದು ಸಾಲದೆ ಅಡಿಕೆ ಹಾಳೆಯ ಬೀಸಣಿಗೆ ತಂದು ಲೋಕೇಶನ ಕೈಗೆ ಕೊಟ್ಟರು. ಲೋಕೇಶ ಎರಡು ದಿನ ಬೀಸಿ, ನಾನು ಕ್ಯಾಮೆರಾಮ್ಯಾನೋ ಚಾಮರ ಬೀಸೋನೋ ಎಂದು ಕೇಳಿದನಂತೆ. ಆಮೇಲೆ ಕಬ್ಬಿಣ ಬಿಸಿ ಎಳೆಯುತ್ತದೆ ಎಂದು ಯಾರೋ ಹೇಳಿದ್ದಕ್ಕೆ ತಮ್ಮ ಅಮ್ಮನ ರೊಟ್ಟಿ ಹೆಂಚನ್ನು ನೀರಲ್ಲಿ ತಣಿಸಿ, ಒರೆಸಿ, ಸ್ಟುಡಿಯೋಕ್ಕೆ ಒಯ್ದು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಮನೆಯಲ್ಲಿ ನಮ್ಮ ಅತ್ತೆ ಜೋಳದ ಹಿಟ್ಟು ನಾದಿಕೊಂಡು ಹೆಂಚು ಹುಡುಕುತ್ತಿದ್ದರು. ಆ ದಿನ ಶಿಕಾರಿಪುರದಲ್ಲಿ ಹೆಂಚಿನ ಮೇಲೆ ಬೆಂದದ್ದು ಯಾರದೋ ಅರಿಶಿನ ಶಾಸ್ತ್ರದ ವಿಡಿಯೋ ಒಂದೇ.

ಒಂದು ಬೇಸಿಗೆಯ ಮಧ್ಯಾಹ್ನ ಎಟಿಎಂ ಕೋಣೆಯೊಳಗೆ ಏಸಿಯ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದೂ ಉಂಟು. ದುಡ್ಡು ತೆಗೆಯಲು ಬಂದವರು ಹೆದರಿ ವಾಪಸು ಹೋದರು. ಕಾವಲಿನವರು ಬಂದು ಏನು ಮಾಡುತ್ತಿದ್ದೀರಿ ಎಂದಾಗ ಇವರು ಪರದೆ ತಿರುಗಿಸಿ ಮದುಮಗಳನ್ನು ತೋರಿಸಿದರು. ಕಾವಲಿನವರು ಸ್ವಲ್ಪ ಹೊತ್ತು ನೋಡಿ, ಸೀರೆ ಚೆನ್ನಾಗಿದೆ ಎಂದು ಹೇಳಿಯೇ ಹೊರಗೆ ಹಾಕಿದರಂತೆ.

ಕೊನೆಗೆ ಕಂಡುಕೊಂಡ ಉಪಾಯ ಬಸ್ಸು. ಶಿಕಾರಿಪುರದಿಂದ ಸೊರಬದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು, ಬೀಸುವ ಗಾಳಿಗೆ ಅದನ್ನು ಒಡ್ಡಿ ಹಿಡಿಯುವುದು. ಬಸ್ಸು ಓಡುವಷ್ಟು ಹೊತ್ತು ಕೆಲಸ ಸಾಗುತ್ತಿತ್ತು. ಶಿರಾಳಕೊಪ್ಪದಲ್ಲಿ ಬಸ್ಸು ಹತ್ತು ನಿಮಿಷ ನಿಂತರೆ ಇವರು ಹೊರಡ್ರೀ ಎಂದು ಡ್ರೈವರಿಗೆ ಕೈ ಮುಗಿಯುತ್ತಿದ್ದರು. ಒಂದು ಟಿಕೆಟ್ಟಿಗೆ ಒಂದು ಹಾಡು ಮುಗಿಯುತ್ತಿತ್ತು. ಸೊರಬದಲ್ಲಿ ಇಳಿದು, ಟೀ ಕುಡಿದು, ಅದೇ ಬಸ್ಸಿಗೆ ವಾಪಸು. ಇವರು ಹೀಗೆ ನಮ್ಮೂರಿಗೆ ಬಂದು ಬಂದು ಹೋಗುತ್ತಿದ್ದಾಗ ನಾನು ಬಸ್ ನಿಲ್ದಾಣದಿಂದ ನೂರು ಹೆಜ್ಜೆ ದೂರದಲ್ಲೇ ಕೂತಿದ್ದೆ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಒಂದು ದಿನ ಟೀ ಬಿಟ್ಟು ಈ ಕಡೆ ನಡೆದಿದ್ದರೆ ಏನಾಗುತ್ತಿತ್ತು?

ಬಸ್ಸಿನಲ್ಲಿ ಎಷ್ಟು ದಿನ ಅಲೆಯುವುದು? ಒಳಗೇ ಗಾಳಿ ನುಗ್ಗಬೇಕು ಎಂದು ಇವರ ತಲೆಗೆ ಹೊಕ್ಕಿತು. ಗೋಣಿಚೀಲ ಹೊಲಿಯುವ ದಬ್ಬಣವನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಲ್ಯಾಪ್‌ಟಾಪಿನ ತಳಕ್ಕೆ ನಲವತ್ತೆರಡು ತೂತು ಹಾಕಿದರು. ಒಂದೊಂದರಲ್ಲೂ ಕಡಲೆಬೇಳೆ ಇಳಿಯಬಹುದು, ಅಷ್ಟು ದೊಡ್ಡದು. ಅದು ಲ್ಯಾಪ್‌ಟಾಪು ಹೋಗಿ ಜರಡಿಯಾಯಿತು. ಆದರೆ ಏನು ಆಶ್ಚರ್ಯ, ತಣ್ಣಗಾಯಿತು. ಒಂದು ತಿಂಗಳು ಎರಡೆರಡು ಗಂಟೆ ಓಡಿತು. ಇವರು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಪೇಡೆ ಹಂಚಿದರು.

ಆಮೇಲೆ ಮದುವೆಗಳು ಶುರುವಾದವು. ಒಂದೊಂದು ಮದುವೆ ಮುಗಿದ ಹಾಗೂ ಲ್ಯಾಪ್‌ಟಾಪಿನ ಆಯಸ್ಸು ಕಡಿಮೆಯಾಗುತ್ತ ಬಂತು. ಒಂದು ಗಂಟೆ, ಅರ್ಧ ಗಂಟೆ, ಕೊನೆಗೆ ಹದಿನೆಂಟು ನಿಮಿಷ. ಬಿಸಿಲು ಜಾಸ್ತಿ ಎಂದುಕೊಂಡರು. ಇನ್ನೊಂದು ವಿಚಿತ್ರವೂ ಇತ್ತು. ಯಾವ ಮದುವೆಯಾದರೂ ಸರಿ, ತಾಳಿ ಕಟ್ಟುವ ಹೊತ್ತಿಗೆ ಅಕ್ಕಿ ಹುರಿದ ವಾಸನೆ ಘಮ್ಮೆಂದು ಬರುತ್ತಿತ್ತು. ಇವರಿಗೆ ಅಕ್ಕಿ ಪಾಯಸ ಎಂದರೆ ಪ್ರಾಣ. ಇವತ್ತು ಪಾಯಸ ಐತಿ ಎಂದು ಲೋಕೇಶನಿಗೆ ಸನ್ನೆ ಮಾಡುತ್ತಿದ್ದರು. ಪಂಕ್ತಿಯಲ್ಲಿ ಕೂತರೆ ಹೋಳಿಗೆ ಬರುತ್ತಿತ್ತು, ಹುಗ್ಗಿ ಬರುತ್ತಿತ್ತು, ಪಾಯಸ ಮಾತ್ರ ಬರುತ್ತಿರಲಿಲ್ಲ. ಇಡೀ ಸೀಸನ್ ಹೀಗೆ ಮೋಸ ಹೋದರು.

ಹದಿನೆಂಟು ನಿಮಿಷಕ್ಕೂ ಇವರು ಹೊಂದಿಕೊಂಡಿದ್ದರು. ತಾಳಿಗೆ ಎಂಟು ನಿಮಿಷ ಮೊದಲು ಲೈವ್ ಹಚ್ಚುವುದು, ಅಕ್ಷತೆ ಬಿದ್ದ ಕೂಡಲೇ ನಿಲ್ಲಿಸುವುದು. ಹೇಗೋ ನಡೆಯುತ್ತಿತ್ತು, ಸೊರಬದಾಚೆಯ ಜಡೆ ಊರಿನ ರಾಜೇಶ್ವರಮ್ಮಜ್ಜಿಯ ಕೆಲಸ ಬರುವವರೆಗೆ.

ಅಜ್ಜಿಗೆ ಎಪ್ಪತ್ತೆಂಟು. ಮೊಮ್ಮಗಳು ರಕ್ಷಿತಾಳ ಮದುವೆ ಶಿಕಾರಿಪುರದ ಕಲ್ಯಾಣಮಂಟಪದಲ್ಲಿ ಗೊತ್ತಾಗಿತ್ತು. ಹುಟ್ಟಿದಾಗಿನಿಂದ ಅವಳನ್ನು ಎಣ್ಣೆ ಹಚ್ಚಿ ಮೀಯಿಸಿ, ಜಡೆ ಹಾಕಿ, ಬಸ್ಸು ಹತ್ತಿಸಿ ಶಾಲೆಗೆ ಕಳಿಸಿದವರು ಅಜ್ಜಿಯೇ. ಮದುವೆಗೆ ಮೂರು ವಾರವಿರುವಾಗ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಒಂದೂವರೆ ತಿಂಗಳು ಕಾರು, ಬಸ್ಸು ಯಾವುದೂ ಹತ್ತುವಂತಿಲ್ಲ ಎಂದರು ಡಾಕ್ಟರು. ಅಜ್ಜಿ ಇಲ್ಲದೆ ನಾನು ಹಸೆ ಏರಲ್ಲ, ಮುಂದಕ್ಕೆ ಹಾಕಿ ಎಂದು ರಕ್ಷಿತಾ ಹಟ ಹಿಡಿದಳು. ನನ್ನ ಕಾಲಿಗೋಸ್ಕರ ಮುಹೂರ್ತ ಕಾಯೋದು ಬೇಡ ಎಂದು ಅಜ್ಜಿ ಅದಕ್ಕಿಂತ ದೊಡ್ಡ ಹಟ ಹಿಡಿದರು. ಕೊನೆಗೆ ಲೈವ್ ಎಂದು ತೀರ್ಮಾನವಾಯಿತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಇವರು ಜಡೆಗೆ ಹೋಗಿ ಅಜ್ಜಿಯ ಮಂಚದ ಎದುರಿಗೆ ದೊಡ್ಡ ಟೀವಿ ಹೂಡಿದರು. ಮೊಬೈಲಿನಿಂದಲೇ ಕಳಿಸಬಹುದಿತ್ತು. ಆದರೆ ಅಜ್ಜಿಯ ಕಣ್ಣು ಮಂದ, ತಾಳಿ ಕಾಣಬೇಕಾದರೆ ದೊಡ್ಡ ಕ್ಯಾಮೆರಾದಿಂದ ಹತ್ತಿರ ಎಳೆದು ತೋರಿಸಬೇಕು. ಅದಕ್ಕೆ ಲ್ಯಾಪ್‌ಟಾಪೇ ಬೇಕು. ಎಲ್ಲ ಜೋಡಿಸುವಾಗ ಅಜ್ಜಿ ಇವರನ್ನು ಹತ್ತಿರ ಕರೆದರು.

“ತಮ್ಮಾ, ಊಟ ಉಪಚಾರ, ಯಾರ ಸೀರೆ ಎಂತದು, ಅದೆಲ್ಲ ನಂಗೆ ಬ್ಯಾಡ. ಹುಡುಗಿ ಕೊರಳಿಗೆ ತಾಳಿ ಬೀಳದು ಕಂಡ್ರೆ ಆತು. ನೀ ಕಾಣಿಸ್ತ್ಯಾ?”

“ಕಾಣಿಸ್ತೀನಜ್ಜಿ” ಎಂದರು ಇವರು. ಮಾತು ಕೊಡುವುದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ.

ಪರೀಕ್ಷೆಗೆಂದು ಹಚ್ಚಿದರು. ಟೀವಿಯಲ್ಲಿ ಹಳೆಯ ಮದುವೆಯೊಂದು ಮೂಡಿತು. ಅಜ್ಜಿ, ಅವರನ್ನು ನೋಡಿಕೊಳ್ಳುವ ದುರುಗಮ್ಮ ಇಬ್ಬರೂ ಮೆಚ್ಚಿ ನೋಡುತ್ತಿದ್ದರು. ಹನ್ನೊಂದನೇ ನಿಮಿಷಕ್ಕೆ ಎಲ್ಲ ಕಪ್ಪಾಯಿತು. ಹದಿನೆಂಟು ಅಲ್ಲ, ಹನ್ನೊಂದು.

“ಹೋತಾ?” ಎಂದರು ಅಜ್ಜಿ.

ನಾನೇ ನಿಲ್ಲಿಸಿದೆ ಎಂದು ಇವರು ಸುಳ್ಳು ಹೇಳಿದರು. ಅಲ್ಲಿಂದ ಬಸ್ಸು ಹತ್ತಿದಾಗ ಇವರ ಅಂಗಿ ಬೆವರಿಗೆ ಅಂಟಿಹೋಗಿತ್ತಂತೆ. ಹನ್ನೊಂದು ನಿಮಿಷದಲ್ಲಿ ತಾಳಿ ಹಿಡಿಯುವುದೆಂದರೆ ಲಾಟರಿ. ಸ್ವಾಮಿಗಳು ಎರಡು ಮಂತ್ರ ಜಾಸ್ತಿ ಹೇಳಿದರೂ ಮುಗಿಯಿತು. ಬೇರೆ ಲ್ಯಾಪ್‌ಟಾಪ್ ಕೇಳೋಣವೆಂದರೆ ಮರುದಿನ ಒಳ್ಳೆಯ ಲಗ್ನ, ಊರಲ್ಲಿ ಎಂಟು ಮದುವೆ, ಯಾವ ಸ್ಟುಡಿಯೋದವರದ್ದೂ ಖಾಲಿ ಇಲ್ಲ. ಸೊರಬದಲ್ಲಿ ಬಸ್ಸು ಬದಲಿಸಲು ಇಳಿದವರು, ಆ ದಿನ ಟೀ ಅಂಗಡಿಯ ಕಡೆ ನೋಡಲಿಲ್ಲ. ನಮ್ಮ ಬೋರ್ಡು ನೋಡಿದರು.

ನಮ್ಮ ಅಪ್ಪ ನಾಗರಾಜ್ ಅವರದ್ದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್, ಮಿಕ್ಸಿ, ಸೀಲಿಂಗ್ ಫ್ಯಾನ್ ಎಲ್ಲ ನಮ್ಮಲ್ಲಿಗೆ ಬರುತ್ತವೆ. ನಾನು ಗಂಗಾಶ್ರೀ, ಅವರ ಒಬ್ಬಳೇ ಮಗಳು. ಬಿ.ಕಾಂ. ಮಾಡಿದ್ದೇನೆ, ಆದರೆ ಕೈಗೆ ಹತ್ತಿದ್ದು ತಾಮ್ರದ ತಂತಿ ಸುತ್ತುವ ಕೆಲಸ. ಅವತ್ತು ಅಪ್ಪ ಯಾರದೋ ಬೋರ್‌ವೆಲ್ ಮೋಟರ್ ಎತ್ತಿಸಲು ಹೋಗಿದ್ದರು. ಬೆವರಿದ ಗಂಡಸೊಬ್ಬರು ಚೀಲವನ್ನು ಮಗುವಿನ ಹಾಗೆ ಅಪ್ಪಿಕೊಂಡು ಬಂದು ನಿಂತರು.

ಸಣ್ಣದೊಂದು ಫ್ಯಾನು ಇದೆಯೇ, ಲ್ಯಾಪ್‌ಟಾಪಿನ ತಳಕ್ಕೆ ಕಟ್ಟಬೇಕು ಎಂದರು. ಒಳಗಿನ ಫ್ಯಾನು ತಿರುಗುತ್ತದೆಯೇ ಎಂದು ನಾನು ಕೇಳಿದೆ. ಆಗ ಅವರು ಕೊಟ್ಟ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

“ಮೊದ್ಲು ಬುರ್ ಅಂತ ಭಾಳ ಸದ್ದು ಮಾಡ್ತಿತ್ರಿ. ಈಗ ನಾಕೈದು ತಿಂಗ್ಳಿಂದ ಒಂಚೂರೂ ಸದ್ದಿಲ್ಲ. ಸರಿಹೋತು ಅನ್ಕಂಡಿದ್ದೆ.”

ಫ್ಯಾನು ಸತ್ತದ್ದಕ್ಕೆ ಸಂತೋಷಪಟ್ಟ ಮನುಷ್ಯನನ್ನು ಅದೇ ಮೊದಲು ನೋಡಿದ್ದು. ಕೊಡಿ ಬಿಚ್ಚುತ್ತೇನೆ ಎಂದೆ. ಇದು ಮಿಕ್ಸಿ ಅಲ್ಲ, ಲ್ಯಾಪ್‌ಟಾಪು ಎಂದು ಚೀಲವನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡರು. ತಿರುಗುವುದೆಲ್ಲ ನಮಗೆ ಒಂದೇ ಎಂದು ನಾನು ಚೀಲ ಕಿತ್ತುಕೊಂಡೆ. ತಳದ ತೂತುಗಳನ್ನು ಕಂಡು ಗಾಬರಿಯಾಯಿತು. ಎತ್ತಿ ಅಲ್ಲಾಡಿಸಿದೆ. ಒಳಗೆ ಜರ್ ಜರ್ ಎಂದಿತು, ಮಕ್ಕಳ ಗಿಲಕಿಯ ಹಾಗೆ. ಯಾವುದೋ ಸ್ಕ್ರೂ ಸಡಿಲವಾಗಿದೆ ಎಂದುಕೊಂಡಿದ್ದರಂತೆ.

ಸ್ಕ್ರೂಗಳನ್ನೆಲ್ಲ ಬಿಚ್ಚಿ ತಳದ ಮುಚ್ಚಳ ತೆಗೆದೆ. ಅವರು ಆಪರೇಷನ್ ಥಿಯೇಟರಿನ ಹೊರಗೆ ನಿಂತ ನೆಂಟರ ಹಾಗೆ ಉಗುರು ಕಚ್ಚುತ್ತಿದ್ದರು. ಮುಚ್ಚಳ ಎತ್ತಿದ್ದೇ ತಡ, ಮೇಜಿನ ಮೇಲೆ ಸುರಿಯಿತು. ಅಕ್ಕಿ. ಹಳದಿ ಅಕ್ಕಿ, ಕೆಂಪು ಅಕ್ಕಿ. ಫ್ಯಾನಿನ ಎಲೆ ಎಲೆಯ ನಡುವೆ ಅಕ್ಕಿ, ಬಿಸಿಗಾಳಿ ಹೋಗುವ ಕಿಂಡಿಯ ತುಂಬ ಅಕ್ಕಿ. ಕೆಲವು ಕಾಳು ಕಾಫಿ ಬೀಜದ ಬಣ್ಣಕ್ಕೆ ಹುರಿದುಹೋಗಿದ್ದವು. ಒಂದು ದೊಡ್ಡ ಮುಷ್ಟಿಯಾಯಿತು.

ನಾನು ನಕ್ಕೆ. ಮರ್ಯಾದೆ ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಸ್ಟೂಲಿನಿಂದ ಬೀಳುವಷ್ಟು ನಕ್ಕೆ. ಅವರು ನಗಲಿಲ್ಲ. ಒಂದು ಕೆಂಪು ಕಾಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಇದು ಆನವಟ್ಟಿ ಮದುವೆಯದು, ಅವರು ಕುಂಕುಮ ಕಲಸಿದ್ದರು ಎಂದರು. ಆಮೇಲೆ ಮೆಲ್ಲಗೆ, ಪಾಯಸದ ವಾಸನೆ ಎಂದರು. ಎಲ್ಲ ಅವರಿಗೆ ಒಟ್ಟಿಗೇ ಅರ್ಥವಾಯಿತು. ಮಂಟಪದ ಮೂಲೆಯಲ್ಲಿ, ಜನರ ಕಡೆಗೆ ಮುಖ ಮಾಡಿ ಇವರು ಕೂರುವುದು. ಲೋಟದ ಮೇಲೆ ಎತ್ತಿಟ್ಟ ಲ್ಯಾಪ್‌ಟಾಪಿನ ತಳ ಜನರ ಕಡೆಗೆ. ಗಟ್ಟಿಮೇಳ ಮೊಳಗಿದಾಗ ಹಿಂದಿನ ಸಾಲಿನವರು ಕೂತಲ್ಲಿಂದಲೇ ಅಕ್ಷತೆ ಎಸೆಯುತ್ತಾರೆ. ಅದು ಮದುಮಕ್ಕಳ ತಲೆಯವರೆಗೆ ಎಲ್ಲಿ ಮುಟ್ಟಬೇಕು? ಅರ್ಧ ದಾರಿಯಲ್ಲಿ ಇವರ ಮೇಲೆ ಬೀಳುತ್ತಿತ್ತು. ನಲವತ್ತೆರಡು ಬಾಗಿಲು ತೆರೆದಿಟ್ಟಿದ್ದರಲ್ಲ, ಒಳಗೆ ಹೋಗುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು.

ನಾನು ಕಾಳುಗಳನ್ನೆಲ್ಲ ಅಂಗೈಗೆ ಬಳಿದು ಬಾಗಿಲಾಚೆ ಎಸೆಯಲು ಹೊರಟೆ. ಅವರು ತಟ್ಟನೆ ನನ್ನ ಮಣಿಕಟ್ಟು ಹಿಡಿದರು.

“ಬ್ಯಾಡ್ರೀ. ತುಳಿದಾಡೋ ಜಾಗಕ್ಕೆ ಹಾಕಬ್ಯಾಡ್ರಿ. ಮದುವೆ ಅಕ್ಕಿಕಾಳು ಅವು.”

ಆಮೇಲೆ ತಾನು ಹಿಡಿದದ್ದು ಏನೆಂದು ನೋಡಿಕೊಂಡು, ಲ್ಯಾಪ್‌ಟಾಪಿನ ಬಿಸಿ ತಗುಲಿದವರ ಹಾಗೆ ಕೈ ಬಿಟ್ಟರು. ಇಬ್ಬರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನಾನು ಸುಟ್ಟ ಮಿಕ್ಸಿಯೊಂದನ್ನು ನೋಡಿದೆ. ಅವರು ಅಪ್ಪನ ಬಿಲ್ ಪುಸ್ತಕದ ಹಾಳೆಯೊಂದನ್ನು ಹರಿದು ಕಾಳುಗಳನ್ನು ಪೊಟ್ಟಣ ಕಟ್ಟಿ ಚೀಲದ ಒಳಜೇಬಿಗೆ ಹಾಕಿಕೊಂಡರು.

ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆದೆ. ಫ್ಯಾನಿಗೆ ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಟ್ಟೆ. ಸೊಳ್ಳೆ ಪರದೆಯ ತುಂಡು ಕತ್ತರಿಸಿ ತೂತುಗಳಿಗೆಲ್ಲ ಒಳಗಿನಿಂದ ಅಂಟಿಸಿದೆ. ಗಾಳಿ ಬರಲಿ, ಆಶೀರ್ವಾದ ಬೇಡ. ಹಚ್ಚಿದಾಗ ಬುರ್ ಎಂದಿತು. ಅಷ್ಟು ಚೆಂದದ ಸದ್ದು ಅವರು ಎಂದೂ ಕೇಳಿರಲಿಲ್ಲವಂತೆ.

ಎಷ್ಟು ಹೊತ್ತು ತಡೆಯುತ್ತದೆ ನೋಡೋಣ ಎಂದು ಒಂದು ಮದುವೆಯ ವಿಡಿಯೋ ಓಡಿಸಿದೆವು. ಹದಿನೆಂಟು ನಿಮಿಷ ದಾಟಿತು. ಮೂವತ್ತು, ನಲವತ್ತು ದಾಟಿತು. ಎರಡು ಬಸ್ಸು ಹೊರಟುಹೋದವು. ಹೆಣ್ಣು ಒಪ್ಪಿಸುವಾಗ ಚಿತ್ರ ಅಲುಗಾಡಿತು. ಇದೇನಿದು, ಕ್ಯಾಮೆರಾನೂ ಕೆಟ್ಟಿದೆಯೇ ಎಂದೆ. ಇಲ್ಲ, ನಾನು ಅಳುತ್ತಿದ್ದೆ ಎಂದರು. ಸುತ್ತಿ ಬಳಸಿ ಹೇಳಲಿಲ್ಲ, ನಾಚಿಕೊಳ್ಳಲಿಲ್ಲ. ನನಗೆ ಆ ಕ್ಷಣವೇ ಅವರು ಇಷ್ಟವಾಗಿಬಿಟ್ಟರು. ಅಜ್ಜಿಯ ವಿಷಯವನ್ನೂ, ಮದುವೆ ಯಾವ ಮಂಟಪದಲ್ಲಿ ಎಂಬುದನ್ನೂ ಆಗಲೇ ಹೇಳಿದ್ದು. ಕೊನೆಯ ಬಸ್ಸಿಗೆ ಓಡಿ ಹೋದರು.

ಅವರು ಹೋದ ಮೇಲೆ ಮೇಜು ಒರೆಸಿದರೆ ಎರಡು ಸ್ಕ್ರೂ.

ಅಪ್ಪ ಬಂದವರು ಎರಡು ಸ್ಕ್ರೂ ಉಳಿದರೆ ಏನೂ ಆಗುವುದಿಲ್ಲ, ಕಂಪನಿಯವರು ಯಾವಾಗಲೂ ಜಾಸ್ತಿಯೇ ಹಾಕಿರುತ್ತಾರೆ ಎಂದರು. ನನಗೆ ಮಾತ್ರ ಸಮಾಧಾನವಿಲ್ಲ. ಮುಚ್ಚಳದ ಮೂಲೆ ಬಾಯಿ ಬಿಟ್ಟರೆ? ಅಲ್ಲಿಂದ ಮತ್ತೆ ಅಕ್ಕಿ ಹೊಕ್ಕು, ಸರಿಯಾಗಿ ತಾಳಿಯ ಹೊತ್ತಿಗೆ ಫ್ಯಾನು ಸಿಕ್ಕಿಕೊಂಡರೆ? ಜಡೆಯಲ್ಲಿ ಮಂಚದ ಮೇಲೆ ಮಲಗಿದ ಅಜ್ಜಿಗೆ ಟೀವಿ ಕಪ್ಪಾದರೆ ಅದು ನನ್ನ ಕೈಕೆಲಸದಿಂದ ಆದದ್ದು. ಲ್ಯಾಪ್‌ಟಾಪಿನವರ ಫೋನ್ ನಂಬರನ್ನೂ ನಾನು ತೆಗೆದುಕೊಂಡಿರಲಿಲ್ಲ. ಬೆಳಿಗ್ಗೆ ಎದ್ದವಳೇ ರೇಷ್ಮೆ ಸೀರೆ ಉಟ್ಟು, ಸ್ಕ್ರೂ ಎರಡನ್ನೂ ಕರವಸ್ತ್ರದ ತುದಿಗೆ ಕಟ್ಟಿ, ಬಿಸಿಲಿಗೆಂದು ಹೂವಿನ ಕೊಡೆ ಹಿಡಿದು ಹೊರಟೆ. ಸ್ಕ್ರೂ ಕೊಡಲು ಹೋಗುವವಳಿಗೆ ರೇಷ್ಮೆ ಸೀರೆ ಯಾಕೆ ಎಂದು ಅಪ್ಪ ಕೇಳಲಿಲ್ಲ. ಸುಮ್ಮನೆ ಒಂದು ಸಲ ನೋಡಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗು ಎಂದರು.

ಶಿಕಾರಿಪುರ ಮುಟ್ಟುವಾಗ ಹನ್ನೊಂದೂವರೆ. ಲಗ್ನ ಹನ್ನೆರಡು ಹತ್ತಕ್ಕೆ. ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸಿ, ಹುಡುಗನ ಕಡೆಯವರಾ ಹುಡುಗಿ ಕಡೆಯವರಾ ಎಂದು ಕೇಳಿದರು. ಲ್ಯಾಪ್‌ಟಾಪಿನ ಕಡೆಯವಳು ಎನ್ನಲಾಗದೆ ನಕ್ಕು ಒಳಗೆ ನುಗ್ಗಿದೆ.

ವೇದಿಕೆಯ ಎಡಮೂಲೆಯಲ್ಲಿ ಇವರು ಕೂತಿದ್ದರು. ಮಗುವಿನ ಜ್ವರ ನೋಡುವ ಹಾಗೆ ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಮುಕ್ಕಾಲು ಗಂಟೆಯಿಂದ ಓಡುತ್ತಿತ್ತು. ನನ್ನನ್ನು ಕಂಡು ಎದ್ದು ನಿಂತು, ಮತ್ತೆ ಕೂತರು. ನಾನು ಕರವಸ್ತ್ರ ಬಿಚ್ಚಿ ಸ್ಕ್ರೂ ತೋರಿಸಿದೆ.

“ಈಗ ಬಿಚ್ಚೋ ಹಂಗಿಲ್ರಿ” ಎಂದು ಪಿಸುಗುಟ್ಟಿದರು. “ಅಜ್ಜಿ ನೋಡ್ತಿದಾರೆ.”

ಬಗ್ಗಿ ನೋಡಿದೆ. ನಾನು ಹೆದರಿದಂತೆಯೇ ಮುಚ್ಚಳದ ಒಂದು ಮೂಲೆ ಬಾಯಿ ಬಿಟ್ಟಿತ್ತು, ಉಗುರು ತೂರುವಷ್ಟು. ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಅಷ್ಟರಲ್ಲಿ ಸಾಲು ಸಾಲಿಗೆ ತಟ್ಟೆಗಳು ಬಂದವು, ಎಲ್ಲರೂ ಮುಷ್ಟಿ ತುಂಬ ಅಕ್ಷತೆ ತೆಗೆದುಕೊಂಡರು. ಐನೂರು ಮುಷ್ಟಿ. ಎಲ್ಲವೂ ನಮ್ಮ ಕಡೆಗೇ ಗುರಿಯಿಟ್ಟ ಹಾಗೆ ಕಂಡವು. ಒಂದು ಹೆಬ್ಬೆರಳು ಎಷ್ಟನ್ನು ತಡೆದೀತು? ಬೇರೇನೂ ತೋಚದೆ, ಒಂದು ಕೈಯಲ್ಲಿ ಮುಚ್ಚಳ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಕೊಡೆ ಬಿಚ್ಚಿದೆ.

ತುಂಬಿದ ಮದುವೆಮನೆಯಲ್ಲಿ, ಮಂಟಪದ ಪಕ್ಕದಲ್ಲಿ, ಒಂದು ಕಡ್ಡಿ ಬಾಗಿದ ಹೂವಿನ ಕೊಡೆ. ಮುಂದಿನ ಸಾಲಿನ ಹೆಂಗಸರು ಬಾಯಿ ಮೇಲೆ ಕೈಯಿಟ್ಟರು. ಕ್ಯಾಮೆರಾದ ಹಿಂದಿನಿಂದ ಲೋಕೇಶ ಕೊಡೆ ತೆಗೆ, ಕೊಡೆ ತೆಗೆ ಎಂದು ಕೈ ಬೀಸುತ್ತಿದ್ದ. ನಾನು ತೆಗೆಯಲಿಲ್ಲ. ಗಟ್ಟಿಮೇಳ ಎಂದು ಯಾರೋ ಕೂಗಿದರು, ವಾಲಗ ಒಮ್ಮೆಲೇ ಏರಿತು. ಕೊಡೆಯ ಮೇಲೆ ಪಟಪಟನೆ ಅಕ್ಷತೆ ಸುರಿಯಿತು. ಕೊಡೆಯ ಕೆಳಗೆ ನಾನು, ಇವರು, ನಮ್ಮಿಬ್ಬರ ನಡುವೆ ಬುರ್ ಎನ್ನುವ ಲ್ಯಾಪ್‌ಟಾಪು. ನನಗೆ ತಡೆಯಲಾರದ ನಗು.

ಪರದೆಯಲ್ಲಿ ರಕ್ಷಿತಾಳ ಕೊರಳು ಹತ್ತಿರ ಬಂತು. ಒಂದು ಗಂಟು, ಎರಡು, ಮೂರು. ಲ್ಯಾಪ್‌ಟಾಪು ಉಸಿರಾಡುತ್ತಲೇ ಇತ್ತು. ಆದರೆ ಲೈವ್ ಎಂದರೂ ಅದು ಅರ್ಧ ನಿಮಿಷ ತಡವಾಗಿ ಮುಟ್ಟುತ್ತದಂತೆ, ಜಡೆಯಲ್ಲಿ ಇನ್ನೂ ತಾಳಿ ಕಟ್ಟಿರಲಿಲ್ಲ. ಇವರು ಮೇಜಿನ ಮೇಲಿದ್ದ ಫೋನನ್ನೇ ನೋಡುತ್ತಿದ್ದರು. ಮದುವೆಮನೆಯೆಲ್ಲ ನಗುತ್ತ ಗದ್ದಲ ಮಾಡುತ್ತಿದ್ದರೆ ನಾವಿಬ್ಬರು ಮಾತ್ರ ಆಗಿಹೋದ ತಾಳಿಗಾಗಿ ಕಾಯುತ್ತಿದ್ದೆವು. ಅಷ್ಟು ಉದ್ದದ ಅರ್ಧ ನಿಮಿಷವನ್ನು ನಾನು ಮತ್ತೆ ಕಂಡಿಲ್ಲ.

ಫೋನು ಬಡಿಯಿತು. ದುರುಗಮ್ಮ. ಇವರು ಸ್ಪೀಕರಿಗೆ ಹಾಕಿದರು. ಮೊದಲು ಮೂಗು ಏರಿಸುವ ಸದ್ದು, ಆಮೇಲೆ ಅಜ್ಜಿಯ ದನಿ.

“ಕಂಡ್ತು ತಮ್ಮಾ. ಮೂರು ಗಂಟೂ ಕಂಡ್ತು. ನಾನೂ ಹಾಕ್ದೆ ಅಕ್ಕಿಕಾಳು, ಟೀವಿಗೇ ಹಾಕ್ದೆ.” ಅದರ ಬೆನ್ನಿಗೇ ಕೇಳಿದರು, “ಅಲ್ಲಾ, ಮೂಲೇಲಿ ಕೊಡೆ ಹಿಡ್ಕಂಡು ನಿಂತಿದ್ಯಲ್ಲ ಹುಡುಗಿ, ಅದು ಯಾರು?”

ಇವರು ಅಳುತ್ತಿದ್ದರು. ನಾನು ನಗುತ್ತಿದ್ದೆ ಎಂದುಕೊಂಡಿದ್ದೆ, ಕೆನ್ನೆ ಮುಟ್ಟಿ ನೋಡಿಕೊಂಡರೆ ಅದೂ ಒದ್ದೆ.

ಊಟದ ನಂತರ ಸ್ಕ್ರೂ ಎರಡನ್ನೂ ಬಿಗಿದೆ. ಅಜ್ಜಿಯ ಪ್ರಶ್ನೆಗೆ ಇವರು ಉತ್ತರ ಕೊಡಲು ನಾಲ್ಕು ತಿಂಗಳು ತೆಗೆದುಕೊಂಡರು. ಅದನ್ನೂ ತಾವು ಹೇಳಲಿಲ್ಲ, ಅಜ್ಜಿಯೇ ನಮ್ಮ ಅಪ್ಪನಿಗೆ ಫೋನು ಮಾಡಿ ಇವರಿಗಾಗಿ ಹೆಣ್ಣು ಕೇಳಿದರು. ಮಾಘದಲ್ಲಿ ಸೊರಬದಲ್ಲೇ ನಮ್ಮ ಮದುವೆಯಾಯಿತು. ಲೈವ್ ಇಟ್ಟುಕೊಳ್ಳಲಿಲ್ಲ. ಲ್ಯಾಪ್‌ಟಾಪಿಗೆ ಕೊಡೆ ಹಿಡಿಯುವವಳೇ ಹಸೆಮಣೆಯ ಮೇಲೆ ಕೂತಿದ್ದಳಲ್ಲ. ಅದರ ಅಗತ್ಯವೂ ಇರಲಿಲ್ಲ. ರಾಜೇಶ್ವರಮ್ಮಜ್ಜಿ ಕೋಲು ಊರಿಕೊಂಡು, ರಕ್ಷಿತಾಳ ಭುಜ ಹಿಡಿದು, ಸ್ವತಃ ಬಂದಿದ್ದರು.

ತಾಳಿ ಕಟ್ಟಿದ ಮೇಲೆ ಅಜ್ಜಿ ಹತ್ತಿರ ಬಂದರು. ರಕ್ಷಿತಾ ಅಕ್ಷತೆಯ ತಟ್ಟೆ ಹಿಡಿದಳು. ಆಗ ಇವರು ಜೇಬಿನಿಂದ ಬಿಲ್ ಹಾಳೆಯ ಪೊಟ್ಟಣ ತೆಗೆದು ಅಜ್ಜಿಯ ಕೈಗಿಟ್ಟು, ಅದರ ಕತೆಯನ್ನು ಎರಡು ಮಾತಲ್ಲಿ ಹೇಳಿದರು. ಇಷ್ಟು ದಿನ ಲ್ಯಾಪ್‌ಟಾಪಿನ ಚೀಲದಲ್ಲಿ ಕಾಪಾಡಿಕೊಂಡಿದ್ದರು, ನನಗೂ ಹೇಳಿರಲಿಲ್ಲ. ಅಜ್ಜಿ ಪೊಟ್ಟಣ ಬಿಚ್ಚಿ, ಹಳದಿ, ಕೆಂಪು, ಕಂದು ಕಾಳುಗಳನ್ನು ಬೆರಳಾಡಿಸಿ ನೋಡಿದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಅಷ್ಟೂ ಮದುವೇದು ನಿನ್ನ ಹತ್ರನೇ ಬಂದು ಕೂತಿತ್ತು ಅಲ್ದಾ ತಮ್ಮಾ. ಮತ್ತೆ ಬ್ಯಾರೆ ಎಂತಕ್ಕೆ?”

ಅವನ್ನೇ ನಮ್ಮಿಬ್ಬರ ತಲೆಗೆ ಹಾಕಿದರು. ಯಾರ್ಯಾರೋ, ಯಾವ್ಯಾವುದೋ ಊರಿನಲ್ಲಿ, ಇನ್ನಾರ ತಲೆಗೋ ಎಸೆದ ಕಾಳುಗಳು. ಹಗುರವಾಗಿ ಬಿದ್ದವು. ಕೆಲವು ನನ್ನ ಮಲ್ಲಿಗೆಯ ದಂಡೆಯಲ್ಲಿ ಸಿಕ್ಕಿಕೊಂಡವು. ಹುರಿದಕ್ಕಿಯ ವಾಸನೆ ಇನ್ನೂ ಇತ್ತು. ಇವರು ಮೂಗು ಅರಳಿಸಿ, ನನ್ನ ಕಿವಿಯ ಹತ್ತಿರ ಬಾಗಿ, ಇವತ್ತು ಪಾಯಸ ಇರಬಹುದೇನೋ ಎಂದರು.

ಇತ್ತು. ನಾನೇ ಅಡುಗೆಯವರಿಗೆ ಹೇಳಿ ಮಾಡಿಸಿದ್ದೆ.